ನಾಲ್ಕು ಸೀಸನ್ನಿನ ಲೆಕ್ಕ: ಅಮೆರಿಕದ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಬಗ್ಗೆ ನೀವು ಕೇಳಿದ್ದು

ಪ್ರಶ್ನೆ: ಸರ್, ಮಾರ್ಚ್ ಬಂತು ಅಂದ್ರೆ ನಾನು ನಿದ್ದೆಗೆಟ್ಟು ಅಮೆರಿಕದ ಕಾಲೇಜ್ ಟೂರ್ನಮೆಂಟ್ ನೋಡ್ತೀನಿ. ಅಲ್ಲಿ ಒಬ್ಬ ಹುಡುಗ ಮೂವತ್ತು ಮೂವತ್ತು ಪಾಯಿಂಟ್ ಹೊಡೆದು ಹೀರೋ ಆಗ್ತಾನೆ, ಜೂನ್‌ನಲ್ಲಿ ಎನ್‌ಬಿಎ ಡ್ರಾಫ್ಟ್ (ಅಲ್ಲಿನ ವೃತ್ತಿಪರ ಲೀಗಿನ ತಂಡಗಳು ಹೊಸ ಆಟಗಾರರನ್ನ ಸರದಿ ಪ್ರಕಾರ ಆರಿಸೋದು) ನೋಡಿದ್ರೆ ಅವನ ಹೆಸರೇ ಇರಲ್ಲ. ಇದೆಂಥಾ ನ್ಯಾಯ?

ಉತ್ತರ: ನ್ಯಾಯ ಅನ್ಯಾಯ ಆಮೇಲೆ, ಮೊದಲು ಲೆಕ್ಕ ನೋಡಿ. ಕಾಲೇಜ್ ಆಟಗಳನ್ನ ನಡೆಸೋ ಸಂಸ್ಥೆ ಎನ್‌ಸಿಎಎ, ಅದರ ಮೇಲ್ಮಟ್ಟದ ಡಿವಿಷನ್ ಒಂದರಲ್ಲೇ ಗಂಡಸರ ತಂಡಗಳು 350ಕ್ಕೂ ಜಾಸ್ತಿ ಇವೆ, ತಂಡಕ್ಕೆ ಹದಿಮೂರು ಹದಿನೈದು ಜನ ಅಂತ ಹಿಡಿದ್ರೂ ಐದು ಸಾವಿರದ ಹತ್ತಿರ ಬರುತ್ತೆ. ಡ್ರಾಫ್ಟ್ ಅಂದ್ರೆ ಎರಡೇ ಸುತ್ತು, 30 ತಂಡ, ಹೆಚ್ಚಂದ್ರೆ 60 ಹೆಸರು, ಅದರಲ್ಲೂ ಯುರೋಪು ಮತ್ತೆ ಬೇರೆ ಕಡೆ ಹುಡುಗರು ಬಂದು ಒಂದಷ್ಟು ಜಾಗ ಹಿಡ್ಕೋತಾರೆ. ಇನ್ನೊಂದು ವಿಷಯ, ಎರಡೂ ಕಡೆ ಆಡೋ ಆಟಾನೇ ಬೇರೆ. ಕಾಲೇಜಲ್ಲಿ 20 ನಿಮಿಷದ ಎರಡು ಅರ್ಧ, ಶಾಟ್ ಕ್ಲಾಕ್ (ಚೆಂಡು ಸಿಕ್ಕ ಮೇಲೆ ಬುಟ್ಟಿಗೆ ಎಸೆಯೋದಕ್ಕೆ ಇರೋ ಸಮಯ) 30 ಸೆಕೆಂಡು, ಮೂರು ಪಾಯಿಂಟಿನ ಗೆರೆ (ಅದರ ಹೊರಗಿಂದ ಹಾಕಿದ್ರೆ ಮೂರು ಪಾಯಿಂಟ್) ಸ್ವಲ್ಪ ಹತ್ತಿರ. ಎನ್‌ಬಿಎಯಲ್ಲಿ 12 ನಿಮಿಷದ ನಾಲ್ಕು ಕ್ವಾರ್ಟರ್, ಶಾಟ್ ಕ್ಲಾಕ್ 24, ಗೆರೆ ಅಂಚುಗಳನ್ನ ಬಿಟ್ರೆ ಉಳಿದ ಕಡೆ 23 ಅಡಿ 9 ಇಂಚು ದೂರ. ಡ್ರಾಫ್ಟ್ ಮಾಡೋರು ನಿಮ್ಮ ಹೀರೋ ಮೊನ್ನೆ ಎಷ್ಟು ಹೊಡೆದ ಅಂತ ನೋಡಲ್ಲ, 19 ವರ್ಷದವನು 25ಕ್ಕೆ ಏನಾಗ್ತಾನೆ ಅಂತ ನೋಡ್ತಾರೆ, ಹಾಗಾಗಿ 22 ತುಂಬಿದ ಚೆನ್ನಾಗಿ ಆಡೋ ಹುಡುಗನಿಗಿಂತ ಇನ್ನೂ ಕಾಯಿಯಾಗಿರೋ ಎತ್ತರದ ಹುಡುಗನ ಮೇಲೆ ದುಡ್ಡು ಹಾಕ್ತಾರೆ. ನನಗೆ ಇದು ಸರಿ ಅನ್ಸಲ್ಲ, ಆದ್ರೆ ಅವರ ದುಡ್ಡು ಅವರಿಷ್ಟ.

ಹಾಗಂತ ಅವರ ಲೆಕ್ಕಾನೂ ಎಷ್ಟೋ ಸಲ ತಪ್ಪಿದೆ. ಫ್ರೆಡ್ ವ್ಯಾನ್‌ವ್ಲೀಟ್ ವಿಚಿಟಾ ಸ್ಟೇಟ್‌ನಲ್ಲಿ ಪೂರ್ತಿ ನಾಲ್ಕು ವರ್ಷ ಆಡಿದ, 2016ರ ಡ್ರಾಫ್ಟಲ್ಲಿ ಯಾರೂ ಕರೀಲಿಲ್ಲ, 2019ರಲ್ಲಿ ಎನ್‌ಬಿಎ ತಂಡ ಟೊರಾಂಟೊ ಜೊತೆ ಚಾಂಪಿಯನ್. ಜೆರೆಮಿ ಲಿನ್ ಹಾರ್ವರ್ಡ್‌ನೋನು, ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ಪೇ ಕೊಡಲ್ಲ, 2010ರಲ್ಲಿ ಅವನನ್ನೂ ಯಾರೂ ತಗೊಳ್ಳಲಿಲ್ಲ, 2011ರ ಡಿಸೆಂಬರಲ್ಲಿ ಎರಡು ತಂಡ ಒಂದಾದ ಮೇಲೊಂದು ಹೊರಗೆ ಹಾಕಿದ್ವು. 2012ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ನಿಕ್ಸ್ ಪರ ಲೇಕರ್ಸ್ ಮೇಲೆ 38 ಪಾಯಿಂಟ್ ಹೊಡೆದಾಗ ಇಡೀ ದೇಶ ಅವನ ಹೆಸರು ಹೇಳ್ತಿತ್ತು.

ಪ್ರಶ್ನೆ: ‘ಒನ್ ಅಂಡ್ ಡನ್’ ಅಂದ್ರೇನು? ಒಂದೇ ವರ್ಷಕ್ಕೆ ಕಾಲೇಜ್ ಬಿಡೋನು ಅಲ್ಲಿಗೆ ಸೇರೋದಾದ್ರೂ ಯಾಕೆ?

ಉತ್ತರ: ಬೇರೆ ದಾರಿ ಕಮ್ಮಿ ಇತ್ತು, ಅದಕ್ಕೆ. ಆಟಗಾರರ ಸಂಘದ ಜೊತೆ 2005ರಲ್ಲಿ ಮಾಡ್ಕೊಂಡ ಒಪ್ಪಂದದಲ್ಲಿ ಎನ್‌ಬಿಎ ಒಂದು ನಿಯಮ ತಂತು: ಅಮೆರಿಕದ ಹುಡುಗನಿಗೆ ಡ್ರಾಫ್ಟ್ ವರ್ಷದಲ್ಲಿ 19 ಆಗಿರಬೇಕು, ಹೈಸ್ಕೂಲ್ ಬ್ಯಾಚು ಮುಗಿದು ಒಂದು ವರ್ಷ ಕಳೆದಿರಬೇಕು. ಅದಕ್ಕೂ ಮುಂಚೆ ಲೆಬ್ರಾನ್ ಜೇಮ್ಸ್ ಥರದೋರು ಹೈಸ್ಕೂಲಿಂದ ನೇರ ಹೋಗಿದ್ರು. ಈ ನಿಯಮ ಬಂದ್ಮೇಲೆ ಕೆವಿನ್ ಡುರಾಂಟ್ ಟೆಕ್ಸಾಸ್ ಯೂನಿವರ್ಸಿಟಿಯಲ್ಲಿ ಒಂದೇ ಸೀಸನ್ ಆಡಿ 2007ರಲ್ಲಿ ಎರಡನೇ ಪಿಕ್ ಆಗಿ, ಅಂದ್ರೆ ಡ್ರಾಫ್ಟಲ್ಲಿ ಎರಡನೆಯವನಾಗಿ ಆಯ್ಕೆಯಾಗಿ, ಹೊರಟ. ಅವನ ಮಟ್ಟದೋನಿಗೆ ಸರಿ, ಆದ್ರೆ ಡುರಾಂಟ್ ಹೋದ ಅಂತ ತಾನೂ ಹೊರಟವನ ಪಾಡು ಕೇಳ್ಬೇಡಿ. ಮೊದಲ ಸುತ್ತಲ್ಲಿ ಸಿಕ್ಕೋನಿಗೆ ಕಾಂಟ್ರ್ಯಾಕ್ಟ್ ಗ್ಯಾರಂಟಿ, ಎರಡನೇ ಸುತ್ತಿನವನಿಗೆ ಆ ಗ್ಯಾರಂಟಿ ಇಲ್ಲ. ಈಗ ಡ್ರಾಫ್ಟಿಗೆ ಹೆಸರು ಕೊಟ್ಟು, ತಂಡಗಳ ಮುಂದೆ ಆಡಿ ತೋರಿಸಿ, ತನ್ನ ರೇಟು ತಿಳ್ಕೊಂಡು, ಗಡುವಿನೊಳಗೆ ಹೆಸರು ವಾಪಸ್ ತಗೊಂಡು ಕಾಲೇಜಿಗೇ ಮರಳೋದಕ್ಕೆ ಅವಕಾಶ ಇದೆ, ಬುದ್ಧಿವಂತರು ಅದನ್ನ ಬಳಸ್ಕೋತಾರೆ. ಟಿಮ್ ಡಂಕನ್ ವೇಕ್ ಫಾರೆಸ್ಟ್‌ನಲ್ಲಿ ಆರಾಮಾಗಿ ನಾಲ್ಕೂ ವರ್ಷ ಇದ್ದು 1997ರಲ್ಲಿ ಮೊದಲ ಪಿಕ್ ಆದ, ಆಮೇಲೆ ಐದು ಚಾಂಪಿಯನ್‌ಶಿಪ್. ತಡ ಆಯ್ತು ಅಂತ ಅವನಿಗೆ ಏನೂ ಕಮ್ಮಿ ಆಗ್ಲಿಲ್ಲ.

ಪ್ರಶ್ನೆ: ಕಾಲೇಜ್ ಆಟಗಾರರಿಗೆ ದುಡ್ಡು ಸಿಗುತ್ತಾ? ಮೊದಲು ಸಿಗಲ್ಲ ಅಂತ ಕೇಳಿದ್ದೆ.

ಉತ್ತರ: ಮೊದಲು ಸಿಕ್ತಿರಲಿಲ್ಲ, ಸ್ಕಾಲರ್‌ಶಿಪ್ಪು ಊಟ ವಸತಿ ಅಷ್ಟೇ. ಟಿವಿ ದುಡ್ಡು ಕೋಟಿಗಟ್ಟಲೆ ಬರ್ತಿತ್ತು, ಬೆವರು ಸುರಿಸೋನು ತನ್ನ ಹೆಸರಿನ ಒಂದು ಜಾಹೀರಾತು ಮಾಡಿದ್ರೂ ಆಟದಿಂದ ಹೊರಗೆ. 2021ರ ಜುಲೈ 1ರಿಂದ ಹೆಸರು ಮತ್ತೆ ಫೋಟೋ ಬಳಸಿ ಸಂಪಾದಿಸೋದಕ್ಕೆ ಎನ್‌ಸಿಎಎ ಒಪ್ಕೊಂತು, ಅದನ್ನೇ ಎಲ್ಲರೂ ಎನ್‌ಐಎಲ್ ಅನ್ನೋದು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಒಂದು ರಾಜಿಯಿಂದ ಕಾಲೇಜುಗಳೇ ನೇರ ಹಣ ಕೊಡಬಹುದು ಅಂತಾಯ್ತು, ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಎಲ್ಲಾ ಆಟಗಳೂ ಸೇರಿ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ಜೊತೆಗೆ ಕಾಲೇಜ್ ಬದಲಿಸೋರು ಹೆಸರು ದಾಖಲಿಸೋ ಟ್ರಾನ್ಸ್‌ಫರ್ ಪೋರ್ಟಲ್ ಬೇರೆ, ಮೊದಲು ಕಾಲೇಜ್ ಬದಲಿಸಿದ್ರೆ ಒಂದು ವರ್ಷ ಬೆಂಚು ಕಾಯ್ಬೇಕಿತ್ತು, ಈಗ ಓದಿನ ಅರ್ಹತೆ ಇದ್ರೆ ತಕ್ಷಣ ಆಡಬಹುದು. ಹಾಗಾಗಿ ನಾಲ್ಕು ವರ್ಷದಲ್ಲಿ ನಾಲ್ಕು ಜೆರ್ಸಿ ಹಾಕೋರೂ ಇದ್ದಾರೆ. ದುಡ್ಡು ಸಿಕ್ಕಿದ್ದು ನನಗೆ ಖುಷಿ, ಆದ್ರೆ ಹೋದ ವರ್ಷದ ತಂಡದಲ್ಲಿ ಈ ವರ್ಷ ಪರಿಚಯದ ಮುಖ ಹುಡುಕ್ಬೇಕು ಅಂದಾಗ ಸ್ವಲ್ಪ ಬೇಜಾರಾಗುತ್ತೆ, ಸುಳ್ಳು ಹೇಳಲ್ಲ.

ಪ್ರಶ್ನೆ: ಕಾಲೇಜಲ್ಲಿ ಒಟ್ಟು ಅತಿ ಹೆಚ್ಚು ಪಾಯಿಂಟ್ ಹೊಡೆದ ಪೀಟ್ ಮ್ಯಾರವಿಚ್ ದಾಖಲೆಯನ್ನ ಕೇಟ್ಲಿನ್ ಕ್ಲಾರ್ಕ್ ಅನ್ನೋ ಹುಡುಗಿ ಮುರಿದಿದ್ದು ನಿಜವಾದ ದಾಖಲೆನಾ? ನಮ್ಮನೇಲಿ ಇದಕ್ಕೆ ಜಗಳ.

ಉತ್ತರ: ಜಗಳ ಮುಂದುವರಿಸಿ, ಇಬ್ಬರ ಕಡೆನೂ ಮಾತಿದೆ. ಕ್ಲಾರ್ಕ್ ಅಯೋವಾ ಯೂನಿವರ್ಸಿಟಿಯಲ್ಲಿ ನಾಲ್ಕು ಸೀಸನ್ನಿಗೆ 3951 ಪಾಯಿಂಟ್. ಮ್ಯಾರವಿಚ್ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ 3667, ಆದ್ರೆ ಮೂರೇ ಸೀಸನ್ನು, 83 ಪಂದ್ಯ, ಆಗ ಮೊದಲ ವರ್ಷದೋರನ್ನ ಮುಖ್ಯ ತಂಡದಲ್ಲಿ ಆಡಿಸ್ತಿರಲಿಲ್ಲ, ಮೂರು ಪಾಯಿಂಟಿನ ಗೆರೆನೂ ಇರಲಿಲ್ಲ. ಪಂದ್ಯಕ್ಕೆ 44.2 ಸರಾಸರಿ, ಅದನ್ನ ಯಾರೂ ಮುಟ್ಟಿಲ್ಲ. ಕ್ಲಾರ್ಕ್‌ಗೆ ಕೋವಿಡ್ ಕಾರಣಕ್ಕೆ ಇನ್ನೊಂದು ವರ್ಷ ಆಡೋ ಅವಕಾಶ ಇತ್ತು, ಬಿಟ್ಟು 2024ರಲ್ಲಿ ಹೆಣ್ಮಕ್ಕಳ ವೃತ್ತಿಪರ ಲೀಗ್ ಡಬ್ಲ್ಯೂಎನ್‌ಬಿಎಗೆ ಮೊದಲ ಪಿಕ್ ಆಗಿ ಹೋದಳು. ಅಲ್ಲಿ ಅವಳ ಮೊದಲ ವರ್ಷದ ಮೂಲ ಸಂಬಳ 76,535 ಡಾಲರ್ ಇತ್ತು, ಕಾಲೇಜಲ್ಲಿದ್ದಾಗಿನ ಜಾಹೀರಾತಿನ ಆದಾಯದ ಮುಂದೆ ಅದು ಚಿಲ್ಲರೆ. ಅದಕ್ಕೇ ಹೆಣ್ಮಕ್ಕಳ ಲೆಕ್ಕ ಗಂಡುಮಕ್ಕಳ ಥರ ಅಲ್ಲ.

ಪ್ರಶ್ನೆ: ಓದು ಬಿಟ್ಟು ಎನ್‌ಬಿಎಗೆ ಹೋದೋರು ಡಿಗ್ರಿ ಮುಗಿಸ್ತಾರಾ?

ಉತ್ತರ: ಎಷ್ಟೋ ಜನ ಮುಗಿಸಲ್ಲ. ಎನ್‌ಬಿಎ ಸ್ಟಾರ್ ಸ್ಟೀಫನ್ ಕರಿ ಕಥೆ ಕೇಳಿ. ಅಪ್ಪ ಆಡಿದ ವರ್ಜೀನಿಯಾ ಟೆಕ್ ಮಗನಿಗೆ ಸ್ಕಾಲರ್‌ಶಿಪ್ ಕೊಡಲಿಲ್ಲ, ಸಣ್ಣಗಿದ್ದಾನೆ ಅಂದ್ರು. ಡೇವಿಡ್‌ಸನ್ ಅನ್ನೋ ಚಿಕ್ಕ ಕಾಲೇಜ್ ಕರೀತು. 2008ರ ಟೂರ್ನಮೆಂಟಲ್ಲಿ ಹತ್ತನೇ ಸೀಡ್ (ಟೂರ್ನಮೆಂಟಿನ ರ್ಯಾಂಕಿಂಗಲ್ಲಿ ಕೆಳಗಿದ್ದ) ತಂಡವನ್ನ ಕೊನೇ ಎಂಟರವರೆಗೆ ಎಳ್ಕೊಂಡು ಹೋದ, ಕ್ಯಾನ್ಸಸ್ ವಿರುದ್ಧ 59-57ರಲ್ಲಿ ಸೋತ್ರು, ಆ ಕ್ಯಾನ್ಸಸ್ಸೇ ಆ ವರ್ಷ ಕಪ್ ಗೆದ್ದಿದ್ದು. ಮರುವರ್ಷ ದೇಶದಲ್ಲೇ ಜಾಸ್ತಿ ಸರಾಸರಿ ಹೊಡೆದು, ಕೊನೇ ವರ್ಷದ ಓದು ಬಾಕಿ ಇಟ್ಟು 2009ರಲ್ಲಿ ಏಳನೇ ಪಿಕ್ ಆಗಿ ಹೊರಟುಬಿಟ್ಟ. ಆ ಕಾಲೇಜಿನ ನಿಯಮ ಏನಪ್ಪಾ ಅಂದ್ರೆ ಪದವಿ ಮುಗಿಸಿದೋರ ಜೆರ್ಸಿ ನಂಬರನ್ನ ಮಾತ್ರ ಗೌರವಕ್ಕೆ ಅಂತ ಎತ್ತಿಡೋದು. ಎಂವಿಪಿ, ಅಂದ್ರೆ ಎನ್‌ಬಿಎ ಸೀಸನ್ನಿನ ಶ್ರೇಷ್ಠ ಆಟಗಾರ ಆದ, ಕಪ್ಪುಗಳನ್ನ ಗೆದ್ದ, ಆದ್ರೂ ಅವರು ಜಗ್ಗಲಿಲ್ಲ. ಕೊನೆಗೆ ಬಾಕಿ ವಿಷಯ ಎಲ್ಲಾ ಓದಿ ಮುಗಿಸಿ 2022ರಲ್ಲಿ ಸಮಾಜಶಾಸ್ತ್ರದ ಡಿಗ್ರಿ ತಗೊಂಡ, ಅದೇ ಆಗಸ್ಟಲ್ಲಿ ಅವನ 30ನೇ ನಂಬರ್ ಜೆರ್ಸಿ ಮೇಲೇರಿತು.