ಹೊಳೆಯುವ ನೆಲ, ಒಂಬತ್ತು ಡಿಗ್ರಿಯ ಫ್ರಿಜ್

ಮನಸ್ಸಿನ ತೊಂದರೆಗೆ ಸಲಹೆ ಕೇಳಿ ನನ್ನ ಬಳಿ ಬಂದವರೊಬ್ಬರ ಕಥೆ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ನಲವತ್ತು ದಾಟಿದ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಆರು ಜನ ಕೆಲಸಗಾರರನ್ನು ಇಟ್ಟುಕೊಂಡು ಸಣ್ಣ ಹೋಟೆಲು ನಡೆಸುತ್ತಿದ್ದರು. ನನ್ನೆದುರು ಕೂತವರು ಮಾತಿಗೆ ಮೊದಲು ಎರಡೂ ಅಂಗೈ ಚಾಚಿ ತೋರಿಸಿದರು. ಬೆರಳ ಸಂದಿಯಲ್ಲಿ ಚರ್ಮ ಒಡೆದು ರಕ್ತ ಜಿನುಗುತ್ತಿತ್ತು.

"ನಿದ್ದೆ ಬರೋದಿಲ್ಲ ಮೇಡಂ. ಮೂರು ಗಂಟೆಗೇ ಎದ್ದು ಹೋಗಿ ಬ್ಲೀಚಿಂಗ್ ಪೌಡರ್ ಹಾಕಿ ನೆಲ ಉಜ್ಜುತ್ತೇನೆ."

ಮೂರು ವಾರದ ಹಿಂದೆ, ಮಧ್ಯಾಹ್ನ ಊಟದ ಗಡಿಬಿಡಿಯಲ್ಲಿ, ಆರೋಗ್ಯ ನಿರೀಕ್ಷಕರು ಬಂದಿದ್ದರಂತೆ. ಅಡುಗೆಮನೆ ನೋಡಿ, ಲೋಪಗಳನ್ನು ಓದಿ ಹೇಳಿ, ಸಹಿ ಮಾಡಿಸಿಕೊಂಡು, ಮತ್ತೆ ಬರುವುದಾಗಿ ತಿಳಿಸಿ ಹೋದರು. ಓದುವಾಗ ಊಟ ಮಾಡುತ್ತಿದ್ದವರು ಕತ್ತೆತ್ತಿ ನೋಡಿದ್ದು ಆಕೆಯ ಕಣ್ಣಿಗೆ ಕಟ್ಟಿಬಿಟ್ಟಿತ್ತು. "ಇಷ್ಟು ವರ್ಷ ಅನ್ನ ಹಾಕಿದ ಕೈಯನ್ನ ಗಲೀಜು ಅಂದಹಾಗಾಯ್ತು." ಅಂದಿನಿಂದ ಬಾಗಿಲ ಬಳಿ ಅಪರಿಚಿತರು ನಿಂತರೆ ಎದೆ ಹೊಡೆದುಕೊಳ್ಳುತ್ತಿತ್ತು. ಕೆಲಸದವರ ಮೇಲೆ ಸಣ್ಣದಕ್ಕೂ ರೇಗುತ್ತಿದ್ದರು.

ತೊಳೆಯುವುದು ಗೀಳಾಗಿದೆಯೇ ಎಂದು ವಿಚಾರಿಸಿದೆ. ಮನೆಯಲ್ಲಿ ಹಾಗಿರಲಿಲ್ಲ, ಮೊದಲೂ ಇರಲಿಲ್ಲ. ಕಡಿಮೆಯಾಗದಿದ್ದರೆ ಮನೋವೈದ್ಯರನ್ನು ಕಾಣಲೇಬೇಕು ಎಂದು ಹೇಳಿಟ್ಟೆ. ಮುಂದಿನ ಸಲ ಬರುವಾಗ ಆ ಹಾಳೆ ತನ್ನಿ ಎಂದೆ.

ತಂದರು. ಮಡಿಕೆ ಬಿಚ್ಚಿರಲಿಲ್ಲ. ಸಹಿ ಹಾಕಿದ ಮೇಲೆ ಒಮ್ಮೆಯೂ ಓದಿರಲಿಲ್ಲ. ಇಬ್ಬರೂ ಕೂತು ಓದಿದೆವು. ಫ್ರಿಜ್ಜಿನೊಳಗೆ 9 ಡಿಗ್ರಿ ಇದೆ. ಹಸಿ ಮಾಂಸವನ್ನು ಬೇಯಿಸಿದ ಪದಾರ್ಥದ ಮೇಲಿನ ಅರೆಯಲ್ಲಿ ಇಡಲಾಗಿದೆ. ಕೈ ತೊಳೆಯುವ ಸಿಂಕಿನಲ್ಲಿ ಪಾತ್ರೆ ತುಂಬಿದೆ, ಸೋಪು ಇಲ್ಲ. ಅಷ್ಟೇ. ಮೂರು ವಾರ ನಿದ್ದೆಗೆಟ್ಟು ಉಜ್ಜಿದ ನೆಲದ ಮಾತು ಅದರಲ್ಲಿ ಇರಲೇ ಇಲ್ಲ.

"ಫ್ರಿಜ್ ದಿನಾ ಒರೆಸುತ್ತೇನೆ" ಎಂದರು.

"ಈಗ ಎಷ್ಟು ಡಿಗ್ರಿ ಇದೆ?"

ಗೊತ್ತಿರಲಿಲ್ಲ. ಅಲ್ಲಿ ಆಕೆ ಅತ್ತರು. ನಾನು ತಡೆಯಲಿಲ್ಲ.

ಅವಮಾನವಾದವರ ಕೈ ಮೊದಲು ಹೋಗುವುದು ಬೇರೆಯವರ ಕಣ್ಣಿಗೆ ಬೀಳುವ ಕಡೆಗೆ. ಹೊಟ್ಟೆ ಕೆಡಿಸುವ ಜೀವಿಗಳಿಗೂ ನೆಲದ ಹೊಳಪಿಗೂ ನಂಟು ಕಡಿಮೆ. 5 ಡಿಗ್ರಿಗೂ 60 ಡಿಗ್ರಿಗೂ ನಡುವೆ ಇಟ್ಟ ಆಹಾರದಲ್ಲಿ ಅವು ಬೇಗ ಬೆಳೆಯುತ್ತವೆ. ಹೊರಗೇ ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಟ್ಟ ವಿಷವಂತೂ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಇನ್ನು ಆ ಒಡೆದ ಕೈಗಳು! ಗಾಯದಲ್ಲಿ ಸ್ಟ್ಯಾಫಿಲೋಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ನೆಲೆಸುತ್ತದೆ, ಅಲ್ಲಿಂದ ಆಹಾರಕ್ಕೆ ಸೇರುತ್ತದೆ. ಹೆದರಿ ಮಾಡಿದ ಶುಚಿಯೇ ಅಡುಗೆಗೆ ಹೊಸ ಅಪಾಯ ತಂದಿತ್ತು. ಇದನ್ನು ಆದಷ್ಟು ಮೆತ್ತಗೆ ಹೇಳಿದೆ, ಆದರೆ ಮುಚ್ಚಿಡಲಿಲ್ಲ. ಚರ್ಮದ ವೈದ್ಯರ ಬಳಿ ಕಳಿಸಿದೆ. ಗಾಯ ಮಾಯುವವರೆಗೆ ಅಡುಗೆ ಮುಟ್ಟಬೇಡಿ, ಗಲ್ಲಾದಲ್ಲಿ ಕೂತುಕೊಳ್ಳಿ ಎಂದೆ.

ರಾತ್ರಿಯ ಉಜ್ಜಾಟಕ್ಕೆ ಬದಲು ಹಗಲಲ್ಲಿ ಒಂದು ಗೊತ್ತಾದ ಹೊತ್ತು ಕೊಟ್ಟೆವು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಕಾಲು ಗಂಟೆ: ಫ್ರಿಜ್ಜಿನ ಥರ್ಮಾಮೀಟರ್ ನೋಡಿ ಅಂಕಿಯನ್ನು ಪುಸ್ತಕದಲ್ಲಿ ಬರೆಯುವುದು, ಹಸಿಯದು ಕೆಳಗೆ ಬೆಂದದ್ದು ಮೇಲೆ ಇದೆಯೇ ನೋಡುವುದು, ಸಿಂಕ್ ಖಾಲಿ ಇದೆಯೇ, ಸೋಪು ಇದೆಯೇ ನೋಡುವುದು. ಬರೆದಾದ ಮೇಲೆ ಪುಸ್ತಕ ಮುಚ್ಚಬೇಕು, ಮತ್ತೆ ಹೋಗಿ ನೋಡಬಾರದು. ಈ ಕೊನೆಯದೇ ಆಕೆಗೆ ಕಷ್ಟವಾಯಿತು. ಮೊದಲ ವಾರ ಎರಡು ರಾತ್ರಿ ಎದ್ದು ಹೋಗಿದ್ದರಂತೆ. ಫ್ರಿಜ್ಜಿನ ಬಾಗಿಲ ರಬ್ಬರ್ ಪಟ್ಟಿ ಸೀಳಿತ್ತು. ಬದಲಿಸಿದ ಮೇಲೆ 4 ಡಿಗ್ರಿಗೆ ಇಳಿಯಿತು. ಸುದ್ದಿ ಹೇಳುವಾಗ ಮೊದಲ ಸಲ ನಕ್ಕರು.

ನನ್ನನ್ನು ನಿಜವಾಗಿ ಕಾಡಿದ್ದು ಮೂರನೆಯ ಭೇಟಿ. ಪಾತ್ರೆ ತೊಳೆಯುವ ಹುಡುಗ ಭೇದಿಯಾಗುತ್ತಿದ್ದರೂ ಎರಡು ದಿನ ಹೇಳದೆ ಕೆಲಸ ಮಾಡಿದ್ದ. ಯಾಕೆ ಎಂದರೆ, "ನೀವು ಬೈತೀರಿ, ಕೂಲಿಯೂ ಹೋಗತ್ತೆ" ಅಂದನಂತೆ. ನಿರೀಕ್ಷಕರ ಮುಂದೆ ತಾನು ಹೆದರಿದ ಹಾಗೆಯೇ ತನ್ನ ಮುಂದೆ ಇವನು ಹೆದರುತ್ತಿದ್ದಾನೆ ಎಂದು ಆಕೆಗೆ ತಾನಾಗಿಯೇ ಹೊಳೆಯಿತು.

ಆಗ ನಾನು ಮೇರಿ ಮ್ಯಾಲನ್ ಕಥೆ ಹೇಳಿದೆ. ನ್ಯೂಯಾರ್ಕಿನ ಅಡುಗೆಯವಳು. ಕಾಯಿಲೆಯ ಲಕ್ಷಣವೇ ಇಲ್ಲದೆ ಟೈಫಾಯ್ಡ್ ರೋಗಾಣು ಹೊತ್ತಿದ್ದಳು. 1907ರಲ್ಲಿ ಅವಳನ್ನು ಹಿಡಿದು ಬೇರೆ ಇಟ್ಟರು. ಇನ್ನು ಅಡುಗೆ ಮಾಡುವುದಿಲ್ಲ ಎಂದು ಮಾತು ಕೊಟ್ಟು 1910ರಲ್ಲಿ ಬಿಡುಗಡೆಯಾದಳು. ಆಮೇಲೆ ಹಿಡಿದ ಬಟ್ಟೆ ಒಗೆಯುವ ಕೆಲಸದ ಸಂಬಳ ಅಡುಗೆಯದಕ್ಕಿಂತ ಕಡಿಮೆ. ಹೆಸರು ಬದಲಿಸಿಕೊಂಡು ಮತ್ತೆ ಅಡುಗೆಗೆ ಸೇರಿ 1915ರಲ್ಲಿ ಸಿಕ್ಕಿಬಿದ್ದಳು. ಅಲ್ಲಿಂದ 1938ರಲ್ಲಿ ಸಾಯುವವರೆಗೂ ಅವಳನ್ನು ಬೇರೆಯೇ ಇಟ್ಟರು. ಅವಳ ತಪ್ಪನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾಯಿಲೆ ಹೇಳಿಕೊಂಡರೆ ಅನ್ನಕ್ಕೆ ಕಲ್ಲು ಬೀಳುವ ಕಡೆ ಯಾರು ಹೇಳಿಯಾರು?

ಹಾಗಾಗಿ ನಾನು ಒತ್ತಿ ಹೇಳಿದ ಸಲಹೆ ಇದೊಂದೇ: ವಾಂತಿ, ಭೇದಿ ಆದವರಿಗೆ ನಿಂತ ಮೇಲೂ 48 ಗಂಟೆ ರಜೆ, ಕೂಲಿ ಸಮೇತ. ಸಣ್ಣ ಹೋಟೆಲಿಗೆ ಇದು ಭಾರವೇ. ಲೆಕ್ಕ ಹಾಕಿ, ಒಪ್ಪಿ, ಆರೂ ಜನರನ್ನು ಕೂರಿಸಿ ಹೇಳಿದರು. ಬೈದದ್ದಕ್ಕೆ ಆ ಹುಡುಗನ ಕ್ಷಮೆಯನ್ನೂ ಕೇಳಿದರು.

ಮರುತಪಾಸಣೆಗೆ ಒಂದು ಸಣ್ಣ ತಯಾರಿ ಮಾಡಿಸಿದೆ. ಸಮಜಾಯಿಷಿ ಬೇಡ, ವಾದ ಬೇಡ. ಜೊತೆಗೆ ನಡೆಯಿರಿ, ಪುಸ್ತಕ ತೋರಿಸಿ, ಲೋಪ ಹೇಳಿದರೆ "ಮೊದಲು ಯಾವುದನ್ನು ಸರಿ ಮಾಡಲಿ, ಎಷ್ಟು ದಿನದೊಳಗೆ?" ಎಂದು ಕೇಳಿ. ನಾನು ನಿರೀಕ್ಷಕಿಯಾಗಿ, ಆಕೆ ಆಕೆಯಾಗಿ, ನಾಲ್ಕು ಸಲ ಆಡಿ ನೋಡಿದೆವು.

ನಿರೀಕ್ಷಕರು ಬಂದು ಹೋದ ಸಂಜೆ ಆಕೆ ಫೋನ್ ಮಾಡಿದರು. ಹಳೆಯ ಮೂರೂ ಸರಿಯಾಗಿದ್ದವು. ಹೊಸದೊಂದು ಸಿಕ್ಕಿತ್ತು: ಒರೆಸುವ ಬಟ್ಟೆ ಒಂದೇ, ಎಲ್ಲದಕ್ಕೂ ಅದೇ. ಎಷ್ಟು ದಿನದೊಳಗೆ ಎಂದು ಕೇಳಿದೆ ಮೇಡಂ, ವಾರ ಅಂದರು, ಎಂದು ಹೇಳಿ, ಬಟ್ಟೆ ತರಲು ಹುಡುಗನನ್ನು ಕಳಿಸಬೇಕು ಎಂದು ಫೋನ್ ಇಟ್ಟರು.