ಕೌಂಟರ್ ಹಿಂದೆ ಕೂತವರ ದೇವರು

ಈ ಸಲ ಬಂದ ಪತ್ರಗಳಲ್ಲಿ ಒಂದನ್ನ ಮೂರು ದಿನದಿಂದ ಮೇಜಿನ ಮೇಲೇ ಇಟ್ಕೊಂಡಿದೀನಿ. ಬರೆದವರು ಒಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್‌ನಲ್ಲಿ ಹದಿನಾರು ವರ್ಷದಿಂದ ಕೂತಿರೋರು, ಹೆಸರು ಹಾಕಬೇಡಿ ಅಂದಿದಾರೆ, ಹಾಕಲ್ಲ. ಅವರ ಮಾತಲ್ಲೇ ಸ್ವಲ್ಪ ಕೇಳಿ: "ಬೆಳಿಗ್ಗೆ ಎದ್ದು ಹಾಸಿಗೆ ಹಿಡಿದಿರೋ ಅಪ್ಪನ ಮೈ ಒರೆಸಿ, ಬಟ್ಟೆ ಬದಲಾಯಿಸಿ ಡ್ಯೂಟಿಗೆ ಓಡ್ತೀನಿ. ರಾತ್ರಿ ಧ್ಯಾನಕ್ಕೆ ಅಂತ ಕಣ್ಣು ಮುಚ್ಚಿದ್ರೆ ನಿದ್ದೆ ಬಂದುಬಿಡುತ್ತೆ. ನನ್ನ ಫ್ರೆಂಡ್ ಒಬ್ಬ ಕೆಲಸ ಬಿಟ್ಟು ಫುಲ್ ಟೈಮ್ ದೇವರ ಸೇವೆಗೆ ಅಂತ ಒಂದು ಆಶ್ರಮ ಸೇರಿದಾನೆ, ಫೋಟೋ ಕಳಿಸ್ತಾನೆ, ಮುಖದಲ್ಲಿ ಏನೋ ಕಳೆ ಬಂದಿದೆ. ನಾನು ಮಾತ್ರ ರಸೀದಿ ಹರಿದು ಕೊಡ್ತಾ ಕೂತಿದೀನಿ. ನಿನ್ನೆ ಒಬ್ಬ ಅಜ್ಜಿ ಮೂರನೇ ಸಲ ಬಂದು ಬಿಲ್ ಅರ್ಥ ಆಗ್ಲಿಲ್ಲ ಅಂದ್ರು, ಹಿಂದೆ ಕ್ಯೂ ಇತ್ತು, ಆಮೇಲೆ ಬನ್ನಿ ಅಂದೆ. ಇಂಥ ಕಡೆ ಕೂತು ದೇವರ ಸೇವೆ ಮಾಡೋಕೆ ಆಗುತ್ತಾ ಸರ್? ನಾನೂ ಬಿಟ್ಟು ಹೋಗಿಬಿಡ್ಲಾ?"

ಮೊದಲಿಗೆ ಒಂದು ಮಾತು. ನಾಲ್ಕು ಪುಟದ ಪತ್ರದಲ್ಲಿ ಒಂದು ಕಾಗುಣಿತ ತಪ್ಪಿಲ್ಲ, ಒಂದು ಕಡೆ ಚಿತ್ತಿಲ್ಲ. ನಮ್ಮಲ್ಲಿಗೆ ಬರೋ ಭಕ್ತಿ ಲೇಖನಗಳನ್ನ ತಿದ್ದಿ ತಿದ್ದಿ ಕಣ್ಣು ಹೋಗಿರೋ ನನಗೆ ಇದೇ ಒಂದು ದೊಡ್ಡ ಸಮಾಧಾನ, ಆದ್ರಿಂದ ನಿಮ್ಮ ಮೇಲೆ ನನಗೆ ಆಗ್ಲೇ ಪಕ್ಷಪಾತ ಬಂದುಬಿಟ್ಟಿದೆ ಅಂತ ಓದುಗರಿಗೂ ಹೇಳಿಬಿಡ್ತೀನಿ.

ಬಿಟ್ಟು ಹೋದವರು ಇಲ್ವಾ ಅಂದ್ರೆ ಇದಾರೆ. ಅಕ್ಕ ಮಹಾದೇವಿ ಹೋದ್ರು, ಬುದ್ಧ ಹೋದ. ಅವರನ್ನ ತಡೆಯೋಕೆ ನಾವ್ಯಾರು. ಕೆಲವರಿಗೆ ಆ ಕರೆ ಬರುತ್ತೆ, ಬಂದವರು ಸಂಪಾದಕರಿಗೆ ಪತ್ರ ಬರೆದು ಪರ್ಮಿಷನ್ ಕೇಳ್ತಾ ಕೂರಲ್ಲ. (ಕೋಪ ಮಾಡ್ಕೋಬೇಡಿ.) ನಿಮ್ಮ ಪತ್ರದಲ್ಲಿ ನನಗೆ ಕಂಡಿದ್ದು ಕರೆಗಿಂತ ಸುಸ್ತು ಜಾಸ್ತಿ, ಅದರ ಜೊತೆ ಆ ಫೋಟೋಗಳು.

ಈಗ ನನ್ನ ಹಳೇ ಹುಚ್ಚಿಗೆ ಬರ್ತೀನಿ. ಮಹಾಭಾರತದ ಶಾಂತಿಪರ್ವದಲ್ಲಿ ಜಾಜಲಿ ಅಂತ ಒಬ್ಬ ತಪಸ್ವಿ ಬರ್ತಾನೆ. ಧರ್ಮವ್ಯಾಧನ ಕಥೆ ಗೊತ್ತಿರೋ ಅಷ್ಟು ಜನಕ್ಕೆ ಇವನದು ಗೊತ್ತಿಲ್ಲ, ಯಾಕೋ. ಈ ಮನುಷ್ಯ ಕಂಬದ ಥರ ಅಲ್ಲಾಡದೆ ನಿಂತ, ಜಟೆಯಲ್ಲಿ ಹಕ್ಕಿ ಗೂಡು ಕಟ್ತು, ಮೊಟ್ಟೆ ಇಡ್ತು, ಮರಿ ಆಯ್ತು, ಮರಿಗಳು ರೆಕ್ಕೆ ಬಲಿತು ಹಾರಿ ಹೋದ್ವು, ಅಲ್ಲೀವರೆಗೂ ಇವನು ಮಿಸುಕಲಿಲ್ಲ. ಆಮೇಲೆ ತೋಳು ತಟ್ಕೊಂಡು ಧರ್ಮ ನನ್ನ ಕೈಗೆ ಸಿಕ್ತು ಅಂತ ಕೂಗಿದ. ಆಗ ಒಂದು ದನಿ ಕೇಳಿಸ್ತು, ವಾರಾಣಸಿಯ ತುಲಾಧಾರನಿಗೆ ನೀನು ಸಮ ಅಲ್ಲಪ್ಪಾ ಅಂತ. ಹೊಟ್ಟೆ ಉರ್ಕೊಂಡು ಹುಡುಕ್ಕೊಂಡು ಹೋಗಿ ನೋಡಿದ್ರೆ ಅವನು ಒಬ್ಬ ವ್ಯಾಪಾರಿ, ತಕ್ಕಡಿ ಹಿಡ್ಕೊಂಡು ಸಾಮಾನು ತೂಗ್ತಾ ಇದಾನೆ. ನಿನಗೆ ಇದು ಹೇಗಪ್ಪಾ ಸಿಕ್ತು ಅಂತ ಕೇಳಿದ್ರೆ ತುಲಾಧಾರ ಹೇಳಿದ್ರಲ್ಲಿ ಮುಖ್ಯವಾದ ಮಾತು ಒಂದೇ, ನನ್ನ ತಕ್ಕಡಿ ಎಲ್ಲರಿಗೂ ಸಮ. ತೂಗುವಾಗ ಮಂತ್ರ ಹೇಳ್ಕೊಳ್ತೀನಿ ಅಂತ ಅವನು ಹೇಳಲಿಲ್ಲ, ಅದನ್ನ ಗಮನಿಸಿ.

ಈ ಕೊನೇ ಮಾತಿಗೇ ನಾನು ಅಂಟ್ಕೊಂಡಿರೋದು. ಜನ ಏನು ತಿಳ್ಕೊಂಡಿದಾರೆ ಅಂದ್ರೆ, ಇದ್ದಲ್ಲೇ ದೇವರ ಸೇವೆ ಅಂದ್ರೆ ಕೆಲಸ ಮಾಡ್ತಾ ಮಾಡ್ತಾ ಬಾಯಲ್ಲಿ ನಾಮ ಜಪಿಸೋದು, ಕಂಪ್ಯೂಟರ್ ಪಕ್ಕ ಒಂದು ದೇವರ ಫೋಟೋ ಇಡೋದು, ಬಂದವರಿಗೆಲ್ಲ ನಾಲ್ಕು ಒಳ್ಳೇ ಮಾತು ಉಪದೇಶ ಮಾಡೋದು. ಮಾಡಿ, ಬೇಡ ಅನ್ನಲ್ಲ. ಆದ್ರೆ ಆ ಫೋಟೋ ಮುಂದೇನೇ ಫೈಲ್ ಆರು ತಿಂಗಳು ಕೊಳೀತಾ ಇದ್ರೆ ಆ ದೇವರಿಗೆ ಎಷ್ಟು ಮುಜುಗರ ಆಗಬೇಡ!

ಬೈಬಲ್‌ನಲ್ಲೂ ಇಂಥದ್ದೇ ಒಂದು ಜಾಗ ಇದೆ, ಲೂಕನ ಮೂರನೇ ಅಧ್ಯಾಯ. ಸ್ನಾನಿಕ ಯೋಹಾನ ಕಾಡಲ್ಲಿ ಇರೋನು, ಒಂಟೆ ಕೂದಲಿನ ಬಟ್ಟೆ, ಮಿಡತೆ, ಕಾಡುಜೇನು ಅವನ ಊಟ. ಅವನ ಹತ್ರ ತೆರಿಗೆ ವಸೂಲಿ ಮಾಡೋರು ಬಂದು ನಾವೇನು ಮಾಡಬೇಕು ಅಂತ ಕೇಳ್ತಾರೆ. ಅಷ್ಟು ಬಿಟ್ಟವನು, ನೀವೂ ಎಲ್ಲ ಬಿಟ್ಟು ನನ್ನ ಹಿಂದೆ ಬನ್ನಿ ಅನ್ನಬಹುದಿತ್ತು. ಅನ್ನಲಿಲ್ಲ. ಗೊತ್ತು ಮಾಡಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ ಅಂದ. ಸಿಪಾಯಿಗಳು ಕೇಳಿದ್ರು, ಅವರಿಗೆ ಯಾರನ್ನೂ ಹೆದರಿಸಿ ದುಡ್ಡು ಕೀಳಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತಿಯಾಗಿರಿ ಅಂದ. ಎಲ್ಲರನ್ನೂ ಅವರವರ ಕೌಂಟರ್‌ಗೇ ವಾಪಸ್ ಕಳಿಸಿದ! ನೀವು ಬಿಲ್ಲಿಂಗ್ ಅಂದಾಗ ನನಗೆ ಮೊದಲು ನೆನಪಾಗಿದ್ದೇ ಇದು. ಇನ್ನು ನಮ್ಮ ಬಸವಣ್ಣನವರು ಬಿಜ್ಜಳನ ಖಜಾನೆ ನೋಡ್ಕೊಳ್ತಿದ್ದೋರು, ಅವರ ಸುತ್ತ ಅಷ್ಟು ದೊಡ್ಡ ಚಳವಳಿ ಕಟ್ಟಿಕೊಳ್ತಾ ಇದ್ದಾಗಲೂ ಭಂಡಾರಿ ಕೆಲಸ ಮಾಡ್ತಾ ಇದ್ರು, ಚಿನ್ನದಲ್ಲಿ ಒಂದು ಒರೆ, ಸೀರೆಯಲ್ಲಿ ಒಂದು ಎಳೆ ನನಗೆ ಅಂತ ಬಯಸಲ್ಲ ಅಂತ ಆಣೆ ಇಟ್ಟು ಹೇಳಿದಾರೆ. ಆ ಎಳೆ ಅನ್ನೋ ಪದ ನೋಡಿ, ಲೆಕ್ಕ ಬರೆಯೋನಿಗೆ ಮಾತ್ರ ಹೊಳೆಯೋ ಪದ ಅದು.

ಬಸವಣ್ಣ ಅಂದ ಕೂಡ್ಲೇ ಕಾಯಕವೇ ಕೈಲಾಸ ಅಂತೀರಿ, ಗೊತ್ತು. ಆ ಮಾತು ಇರೋದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ ಅಂತ ಈ ಪತ್ರಿಕೆಯಲ್ಲಿ ನಾನೇ ಎಷ್ಟು ಸಲ ಬರ್ದಿದೀನೋ ಲೆಕ್ಕ ಇಲ್ಲ, ಆದ್ರೂ ಮುಂದಿನ ವಾರ ಬರೋ ಲೇಖನದಲ್ಲಿ ಮತ್ತೆ ಬಸವಣ್ಣನ ಹೆಸರೇ ಇರುತ್ತೆ. ಚೆಲ್ಲಿದ ಅಕ್ಕಿ ಆಯ್ದು ತರೋ ಕೆಲಸ ಅವನದು, ಇದಕ್ಕಿಂತ ಕೆಳಗಿನ ಪೋಸ್ಟ್ ಇನ್ನೇನಿದೆ ಹೇಳಿ. ಅವನು ಹೇಳ್ತಾನೆ, ಕಾಯಕದಲ್ಲಿ ಮುಳುಗಿದ್ದಾಗ ಗುರು ಎದುರು ಬಂದ್ರೂ ಮರೀಬೇಕು, ಲಿಂಗಪೂಜೆಯನ್ನೂ ಮರೀಬೇಕು ಅಂತ. ರಾತ್ರಿ ಧ್ಯಾನದಲ್ಲಿ ನಿದ್ದೆ ಬರುತ್ತೆ ಅಂತ ನೊಂದ್ಕೊಂಡಿದೀರಲ್ಲ, ಹನ್ನೆರಡನೇ ಶತಮಾನದಲ್ಲೇ ನಿಮಗೆ ಮಾಫಿ ಸಿಕ್ಕಿದೆ, ಮಲಗಿ.

ಆದ್ರೆ ಮಾರಯ್ಯನ ಮಾತನ್ನ ಅರ್ಧಕ್ಕೆ ಕತ್ತರಿಸಿ ಗೋಡೆಗೆ ತೂಗಿ ಹಾಕಿರೋರ ಮೇಲೆ ನನಗೆ ಸಿಟ್ಟಿದೆ, ಅದನ್ನ ಹೇಳದೆ ಮುಂದೆ ಹೋಗಲ್ಲ. ಒಂದು ದಿನ ಅವನು ದಿನಕ್ಕಿಂತ ಜಾಸ್ತಿ ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಏನಂದ್ಲು? ಇಷ್ಟು ಅಕ್ಕಿಯ ಆಸೆ ನಿಮಗ್ಯಾಕೆ, ಈಶ್ವರ ಒಪ್ಪಲ್ಲ, ಹೋಗಿ ಅಲ್ಲೇ ಸುರಿದು ಬನ್ನಿ ಅಂದ್ಲು. ಅಂದ್ರೆ ಕಾಯಕಕ್ಕೂ ಒಂದು ಅಳತೆ ಇದೆ. ಈಗ ಆಫೀಸುಗಳಲ್ಲಿ ಏನಾಗಿದೆ ಅಂದ್ರೆ, ಮೂರು ಜನರ ಕೆಲಸ ಒಬ್ಬನ ತಲೆಗೆ ಕಟ್ಟಿ, ರಜೆ ಕೇಳಿದ್ರೆ ಮುಖ ಸಿಂಡರಿಸಿ, ಮೇಲೆ ಕಾಯಕವೇ ಕೈಲಾಸ ಅಂತ ಬೋರ್ಡ್ ಹಾಕ್ತಾರೆ, ಬೋರ್ಡ್ ಹಾಕಿದವನು ಲಕ್ಕಮ್ಮನ ವಚನ ಓದಿರಲ್ಲ. ಇದ್ದಲ್ಲೇ ಇರು, ಅದೇ ದೇವರ ಇಚ್ಛೆ ಅನ್ನೋ ಮಾತನ್ನ ಮೇಲೆ ಕೂತವರು ಕೆಳಗಿರೋರಿಗೆ ಎಷ್ಟೋ ಶತಮಾನದಿಂದ ಹೇಳ್ಕೊಂಡು ಬಂದಿದಾರೆ, ನಾನು ಆ ಸಾಲಲ್ಲಿ ನಿಂತಿಲ್ಲ. ನಿಮ್ಮ ಕೈಯಲ್ಲಿ ಸುಳ್ಳು ಬಿಲ್ ಬರೆಸ್ತಾ ಇದ್ರೆ ನಾಳೇನೇ ಬಿಡಿ. ಬೇರೆ ಒಳ್ಳೇ ಕೆಲಸ ಸಿಕ್ರೆ ಖಂಡಿತ ಹೋಗಿ. ದೇವರು ಅಲ್ಲಿದಾನೆ, ಇಲ್ಲಿಲ್ಲ ಅಂತ ಹೋಗಬೇಡಿ ಅಷ್ಟೇ.

ಪ್ಯಾರಿಸ್‌ನ ಒಂದು ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ರು, 1691ರಲ್ಲಿ ತೀರಿಕೊಂಡ್ರು. ಕಾಲು ಸರಿ ಇರಲಿಲ್ಲ, ಹಿಂದೆ ಸಿಪಾಯಿ. ನಿಮ್ಮ ಫ್ರೆಂಡ್ ಥರ ಎಲ್ಲ ಬಿಟ್ಟು ಮಠ ಸೇರಿದ್ರು, ಸೇರಿದ್ಮೇಲೆ ಅವರಿಗೆ ಸಿಕ್ಕಿದ್ದು ಅಡುಗೆಮನೆ! ಆ ಕೆಲಸ ಅವರಿಗೆ ಇಷ್ಟಾನೂ ಇರಲಿಲ್ಲವಂತೆ. ವರ್ಷಗಟ್ಟಲೆ ಅಲ್ಲೇ ಪಾತ್ರೆಗಳ ಮಧ್ಯೆ ಇದ್ದು, ಕೆಲಸದ ಹೊತ್ತಿಗೂ ಪ್ರಾರ್ಥನೆಯ ಹೊತ್ತಿಗೂ ನನಗೆ ವ್ಯತ್ಯಾಸ ಇಲ್ಲ ಅಂದ್ರು. ನಿಮ್ಮ ಫ್ರೆಂಡ್‌ಗೂ ಆಶ್ರಮದಲ್ಲಿ ಯಾರೋ ಒಬ್ಬರು ರಸೀದಿ ಪುಸ್ತಕ ಕೊಟ್ಟೇ ಕೊಟ್ಟಿರ್ತಾರೆ, ಅದರ ಫೋಟೋ ಕಳಿಸಿರಲ್ಲ.

ನನ್ನದೂ ಒಂದು ಹೇಳ್ತೀನಿ. ಅಮ್ಮ ಐಸಿಯುನಲ್ಲಿದ್ದಾಗ ಹನ್ನೊಂದು ದಿನ ಆಸ್ಪತ್ರೆಯ ಕೌಂಟರ್ ಮುಂದೆ ನಿಂತಿದೀನಿ. ಒಬ್ಬನಂತೂ ಹನ್ನೊಂದು ದಿನದಲ್ಲಿ ಒಂದು ಸಲ ತಲೆ ಎತ್ತಿ ನನ್ನ ಮುಖ ನೋಡಲಿಲ್ಲ, ಪೆನ್ನಿನಿಂದಾನೇ ಸಹಿ ಎಲ್ಲಿ ಅಂತ ತೋರಿಸ್ತಿದ್ದ. ಅವನ ಮೊಬೈಲ್ ರಿಂಗ್‌ಟೋನ್ ಭಕ್ತಿಗೀತೆ, ಇದು ಕಟ್ಟುಕಥೆ ಅಲ್ಲ. ರಾತ್ರಿ ಶಿಫ್ಟ್‌ಗೆ ಒಬ್ಬ ಹೆಂಗಸು ಬರ್ತಿದ್ರು. ಕೊನೇ ದಿನ ಆಕೆ ಬಿಲ್ ತಿರುಗಿಸಿ ನನ್ನ ಕಡೆ ಇಟ್ಟು, ಒಂದೊಂದು ಸಾಲಿನ ಮೇಲೆ ಬೆರಳಿಟ್ಟು ಇದು ಏನು, ಇದು ಯಾಕೆ ಅಂತ ಹೇಳ್ತಾ ಹೋದ್ರು, ಎರಡು ಸಲ ಬಿದ್ದಿದ್ದ ಒಂದು ಟೆಸ್ಟ್‌ನ ತಾನಾಗೇ ತೆಗೆದ್ರು. ನನಗೆ ಆಗ ಕಾಲಲ್ಲಿ ಶಕ್ತಿ ಇರಲಿಲ್ಲ. ಅಮ್ಮ ಹೋಗಿ ಒಂದು ಗಂಟೆ ಆಗಿತ್ತು. ಅವರು ಸಮಾಧಾನದ ಮಾತು ಏನೂ ಹೇಳಲಿಲ್ಲ, ಲೆಕ್ಕ ಸರಿಯಾಗಿ ಹೇಳಿದ್ರು. ಆಮೇಲೆ ಪ್ರವಚನ ಎಷ್ಟೋ ಕೇಳಿದೀನಿ, ಒಂದೂ ಆ ಬೆರಳಿನಷ್ಟು ನೆನಪಿಲ್ಲ.

ಇನ್ನು ನಿಮ್ಮ ಅಪ್ಪನ ವಿಷಯ. ಧರ್ಮವ್ಯಾಧನ ಕಥೆಯಲ್ಲಿ ಎಲ್ಲರಿಗೂ ಕೌಶಿಕ ಅನ್ನೋ ತಪಸ್ವಿ ಸಿಟ್ಟಿನ ನೋಟದಿಂದಲೇ ಕೊಕ್ಕರೆ ಸುಟ್ಟಿದ್ದು ನೆನಪಿರುತ್ತೆ, ಕೊನೆ ಮರೆತಿರ್ತಾರೆ. ಮಾಂಸ ಮಾರೋ ಆ ವ್ಯಾಧ ಕೌಶಿಕನನ್ನ ಮನೆಗೆ ಕರ್ಕೊಂಡು ಹೋಗಿ ವಯಸ್ಸಾದ ತನ್ನ ಅಪ್ಪ ಅಮ್ಮನನ್ನ ತೋರಿಸ್ತಾನೆ, ನನಗೆ ಇವರೇ ದೇವರು ಅಂತಾನೆ. ಆಮೇಲೆ ಸ್ವಾಮಿ, ನೀವು ವೇದ ಓದೋಕೆ ಅಂತ ನಿಮ್ಮ ಅಪ್ಪ ಅಮ್ಮನನ್ನ ಕೇಳದೇನೇ ಬಿಟ್ಟು ಬಂದಿದೀರಿ, ವಾಪಸ್ ಹೋಗಿ ಅಂತಾನೆ. ಪತ್ರದಲ್ಲಿ ಅಪ್ಪನ ಮೈ ಒರೆಸೋದನ್ನ ದೇವರ ಸೇವೆಗೆ ಅಡ್ಡ ಬರೋ ಕೆಲಸಗಳ ಪಟ್ಟಿಯಲ್ಲಿ ಬರ್ದಿದೀರಿ. ನಿಮ್ಮನ್ನ ಗದರಬೇಕು ಅಂತ ಅನ್ನಿಸಿದ ಜಾಗ ಅದೊಂದೇ. ಅದರ ಜೊತೆ ಮನೆಯಲ್ಲಿ ಬೇರೆ ಕೈಗಳೂ ಇದಾವಾ, ಅವು ಏನು ಮಾಡ್ತಾ ಇದಾವೆ ಅಂತಾನೂ ಕೇಳಬೇಕು ಅನ್ನಿಸ್ತು. ಅಣ್ಣತಮ್ಮಂದಿರು ಇದ್ರೆ ಈ ಪುಟ ಕತ್ತರಿಸಿ ಕಳಿಸಿ.

ಆ ಅಜ್ಜಿ ವಿಷಯ ಒಂದು ಸಾಲಲ್ಲಿ ಬರ್ದು ಮುಂದಕ್ಕೆ ಹೋಗಿಬಿಟ್ಟಿದೀರಿ. ನಾಲ್ಕು ಪುಟದಲ್ಲಿ ನನ್ನನ್ನ ಮೂರು ದಿನ ಕೂರಿಸಿದ್ದು ಆ ಸಾಲೇ. ಆಮೇಲೆ ಬನ್ನಿ ಅಂದ್ರಲ್ಲ, ಅವರು ಮತ್ತೆ ಬಂದ್ರಾ? ಮುಂದಿನ ಪತ್ರದಲ್ಲಿ ಬರೀರಿ, ನಾಲ್ಕು ಪುಟ ಬೇಡ, ಒಂದು ಕಾರ್ಡ್ ಸಾಕು.