ನಾರಿನ ಕಾಂಕ್ರೀಟ್ ಲೇಖನ ಕಳಿಸಿದವರಿಗೆ

ನಮಸ್ಕಾರ.

‘ಬೆಂಕಿಗೆ ಜಗ್ಗದ ನಾರಿನ ಕಾಂಕ್ರೀಟ್’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದು ಶುರುವಾಗುವುದು ನಾಲ್ಕನೇ ಪುಟದಲ್ಲಿ.

ಮೊದಲ ಮೂರು ಪುಟ ಸಿಮೆಂಟಿನ ಚರಿತ್ರೆ. ಅದನ್ನು ಪೂರ್ತಿ ತೆಗೆಯಿರಿ. ‘ತಂತುಬಲಿತ ಉನ್ನತ ಕಾರ್ಯಕ್ಷಮತಾ ಕಾಂಕ್ರೀಟು’ ಎಂಬ ಹೆಸರೂ ಬೇಡ. ಸೈಟಿನಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ನಾರು ಬೆರೆಸಿದ ಕಾಂಕ್ರೀಟಿಗೆ ಫೈಬರ್ ಕಾಂಕ್ರೀಟ್ ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ.

ನಾಲ್ಕನೇ ಪುಟದಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಚಾನೆಲ್ ಸುರಂಗದ ಬೆಂಕಿ ಬರುತ್ತದೆ. 1996ರ ನವೆಂಬರ್ 18. ಲಾರಿಗಳನ್ನು ಹೊತ್ತ ರೈಲು ಸಮುದ್ರದ ಅಡಿಯಲ್ಲಿ ಹೊತ್ತಿ ಉರಿಯಿತು. ಜನ ಬದುಕಿದರು. ಆದರೆ ಸುಮಾರು ಒಂದು ಮೊಳ ದಪ್ಪದ ಕಾಂಕ್ರೀಟ್ ಗೋಡೆ ಚಕ್ಕೆಚಕ್ಕೆಯಾಗಿ ಸಿಡಿದು, ಕೆಲವು ಕಡೆ ಬರೀ 2 ಸೆಂ.ಮೀ. ಉಳಿಯಿತು. ಅದರ ಹಿಂದೆ ಇದ್ದದ್ದು ಸಮುದ್ರದ ತಳದ ಸುಣ್ಣಬಂಡೆ. ಇದನ್ನು ನೀವು ಎರಡೇ ಸಾಲಲ್ಲಿ ಮುಗಿಸಿದ್ದೀರಿ! ಲೇಖನ ಶುರುವಾಗಬೇಕಾದದ್ದೇ ಇಲ್ಲಿಂದ.

ಅಷ್ಟು ಗಟ್ಟಿ ಕಾಂಕ್ರೀಟ್ ಯಾಕೆ ಸಿಡಿಯಿತು ಅನ್ನುವ ಪ್ರಶ್ನೆ ಓದುಗರಿಗೆ ಬಂದೇ ಬರುತ್ತದೆ. ಗಟ್ಟಿ ಇದ್ದದ್ದಕ್ಕೇ ಸಿಡಿಯಿತು. ನೀರು ಕಡಿಮೆ ಮಾಡಿ, ಸಿಲಿಕಾ ಫ್ಯೂಮ್‌ನಂತಹ ನುಣ್ಣನೆಯ ಪುಡಿ ಸೇರಿಸಿ ಮಾಡುವ ಕಾಂಕ್ರೀಟಿನಲ್ಲಿ ರಂಧ್ರಗಳು ತೀರಾ ಸಣ್ಣವು. ಒಳಗಿನ ತೇವ ಆವಿಯಾದರೆ ಹೊರಗೆ ಬರಲು ದಾರಿ ಇಲ್ಲ. ಜೊತೆಗೆ ಹೊರಮೈ ಸುಡುತ್ತಾ ಹಿಗ್ಗುತ್ತದೆ, ಒಳಭಾಗ ಇನ್ನೂ ತಣ್ಣಗೆ ಇರುತ್ತದೆ. ಎರಡೂ ಸೇರಿ ಚಕ್ಕೆ ಹಾರುತ್ತದೆ. ಮಲೆನಾಡಿನ ಮನೆಗಳಲ್ಲಿ ಹಲಸಿನ ಬೀಜವನ್ನು ಕೆಂಡಕ್ಕೆ ಹಾಕುವ ಮೊದಲು ಸಿಪ್ಪೆಗೆ ಒಂದು ಕಚ್ಚು ಹಾಕುತ್ತಾರೆ ಅಲ್ವಾ? ಇಲ್ಲದಿದ್ದರೆ ಬೀಜ ಢಬ್ ಅಂತ ಸಿಡಿಯುತ್ತದೆ. ಪಾಲಿಪ್ರೊಪಿಲೀನ್ ನಾರು ಮಾಡುವ ಕೆಲಸವೂ ಆ ಕಚ್ಚಿನದೇ. ಕೂದಲಿಗಿಂತ ತೆಳುವಾದ ಈ ಪ್ಲಾಸ್ಟಿಕ್ ಎಳೆಗಳು ಸುಮಾರು 165 ಡಿಗ್ರಿಗೆ ಕರಗುತ್ತವೆ. ಅವು ಇದ್ದ ಜಾಗವೇ ಆವಿಗೆ ದಾರಿಯಾಗುತ್ತದೆ.

ಎಷ್ಟು ಹಾಕಬೇಕು ಗೊತ್ತಾ? ತುಂಬಾ ಗಟ್ಟಿ ಕಾಂಕ್ರೀಟಿಗೆ ಯುರೋಪಿನ ನಿಯಮ ಹೇಳುವ ಒಂದು ದಾರಿ, ಘನ ಮೀಟರಿಗೆ 2 ಕೆ.ಜಿ.ಗಿಂತ ಹೆಚ್ಚು ಪಾಲಿಪ್ರೊಪಿಲೀನ್ ನಾರು. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2400 ಕೆ.ಜಿ. ತೂಗುತ್ತದೆ. ಕರಗಿ ಹೋಗುವ ಎರಡು ಕಿಲೋ ನಾರು ಅಷ್ಟು ದೊಡ್ಡ ಭಾರವನ್ನು ಕಾಪಾಡುತ್ತದೆ. ನನಗಂತೂ ಇದನ್ನು ಎಷ್ಟು ಸಲ ಓದಿದರೂ ಬೆರಗು. ನಿಮ್ಮ ಲೇಖನದಲ್ಲಿ ಈ ಬೆರಗು ಎಲ್ಲೂ ಕಾಣಲಿಲ್ಲ.

ಈಗ ತಪ್ಪುಗಳು. ‘ನಾರು ಹಾಕಿದರೆ ಕಾಂಕ್ರೀಟ್ ಸಿಡಿಯುವುದಿಲ್ಲ’ ಎಂದು ಬರೆದಿದ್ದೀರಿ. ಯಾವ ನಾರು? ಉಕ್ಕಿನ ನಾರು ಬಿರುಕನ್ನು ಹಿಡಿದಿಡುತ್ತದೆ, ಕಾಂಕ್ರೀಟ್ ಒಮ್ಮೆಲೇ ಮುರಿಯದಂತೆ ನೋಡಿಕೊಳ್ಳುತ್ತದೆ. ಆದರೆ ಅದೊಂದನ್ನೇ ನಂಬಿದರೆ ಆವಿಯ ಒತ್ತಡ ತಗ್ಗುವುದಿಲ್ಲ. ಅದಕ್ಕೇ ಎಷ್ಟೋ ಕಡೆ ಉಕ್ಕಿನ ನಾರು, ಪ್ಲಾಸ್ಟಿಕ್ ನಾರು ಎರಡನ್ನೂ ಬೆರೆಸುತ್ತಾರೆ. ನೀವು ಎರಡನ್ನೂ ಒಂದೇ ಮಾಡಿದ್ದೀರಿ. ಇದು ಸಣ್ಣ ತಪ್ಪಲ್ಲ. ಓದಿದವರು ಸುಮ್ನೆ ನಂಬಿಬಿಟ್ಟರೆ ಕಷ್ಟ.

ಇನ್ನೊಂದು ಇದಕ್ಕಿಂತ ದೊಡ್ಡದು. ‘ತಣ್ಣಗಾದ ಮೇಲೆ ಬಲ ಮರಳಿ ಬರುತ್ತದೆ’ ಅಂದಿದ್ದೀರಿ. ಜೋರು ಬೆಂಕಿ ತಗುಲಿದ ಕಾಂಕ್ರೀಟಿಗೆ ಈ ಮಾತು ಹೊಂದುವುದಿಲ್ಲ. 400ರಿಂದ 500 ಡಿಗ್ರಿಯ ಸುಮಾರಿಗೆ ಸಿಮೆಂಟಿನೊಳಗಿನ ಸುಣ್ಣ ನೀರು ಬಿಟ್ಟುಕೊಟ್ಟು ಸುಟ್ಟ ಸುಣ್ಣವಾಗುತ್ತದೆ. 573 ಡಿಗ್ರಿಗೆ ಮರಳು, ಜಲ್ಲಿಯಲ್ಲಿರುವ ಕ್ವಾರ್ಟ್ಜ್ ಎಂಬ ಖನಿಜ ರೂಪ ಬದಲಿಸಿ ಹಿಗ್ಗುತ್ತದೆ. ಬೆಂಕಿ ಆರಿದ ಮೇಲೆ ಆ ಸುಟ್ಟ ಸುಣ್ಣ ಗಾಳಿಯ ತೇವ ಹೀರಿ ಉಬ್ಬುತ್ತದೆ, ಬಿರುಕು ಇನ್ನೂ ಜಾಸ್ತಿಯಾಗುತ್ತದೆ. ಕಲ್ಲುಸುಣ್ಣ ಅರಳುವುದನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಸಿಡಿಯುವುದನ್ನು ನಾರು ತಡೆಯಬಹುದು, ಈ ಒಳಗಿನ ಸವೆತವನ್ನು ತಡೆಯಲಾರದು. ಹಾಗಾಗಿ ‘ಬೆಂಕಿಗೆ ಜಗ್ಗದ’ ಎಂಬ ತಲೆಬರಹ ಬದಲಾಗಲೇಬೇಕು. ಬೆಂಕಿ ಬಿದ್ದ ಕಟ್ಟಡಕ್ಕೆ ಯಾರೋ ಧೈರ್ಯವಾಗಿ ಮರಳಿ ಹೋಗುವಂತೆ ನಮ್ಮ ಅಕ್ಷರ ಮಾಡಬಾರದು.

ಗ್ರಾಫ್ ಆರು ಇವೆ, ಒಂದು ಸಾಕು.

ಕೊನೆಯ ಪುಟದಲ್ಲಿ ಒಂದು ಸಾಲಿದೆ: ‘ಕುಲುಮೆಯಲ್ಲಿಟ್ಟ ಕ್ಯೂಬ್ ಸದ್ದು ಮಾಡಿತು, ಬಾಗಿಲು ತೆರೆದರೆ ಬರೀ ಚೂರು.’ ಇಡೀ ಲೇಖನದಲ್ಲಿ ನೀವು ಕಣ್ಣಾರೆ ಕಂಡದ್ದು ಇದೊಂದೇ. ಪರೀಕ್ಷೆಗೆಂದು ಮಾಡಿದ ಆ ಕಾಂಕ್ರೀಟ್ ಕ್ಯೂಬಿನಲ್ಲಿ ನಾರು ಇತ್ತೇ? ಇದ್ದರೆ ಯಾವುದು? ಗಟ್ಟಿಯಾಗಲು ಇಟ್ಟ ನೀರಿನಿಂದ ತೆಗೆದು ಎಷ್ಟು ದಿನ ಒಣಗಿಸಿದ್ದಿರಿ? ಕುಲುಮೆ ನಿಮಿಷಕ್ಕೆ ಎಷ್ಟು ಡಿಗ್ರಿ ಏರುತ್ತಿತ್ತು? ತೇವ ಹೆಚ್ಚಿದ್ದರೂ, ಬಿಸಿ ಬೇಗ ಏರಿದರೂ ಸಿಡಿಯುವ ಅಪಾಯ ಹೆಚ್ಚು. ಇವಿಷ್ಟನ್ನೂ ಬರೆದು, ಚೂರುಗಳ ಫೋಟೋ ಇದ್ದರೆ ಅದನ್ನೂ ಸೇರಿಸಿ ಮತ್ತೆ ಕಳಿಸಿ. ಓದಲು ಕಾಯುತ್ತಿರುತ್ತೇನೆ.

— ಸಂಪಾದಕ